ಹೊಂಡದ ತಳದಲ್ಲಿ ಏನಿದೆ?



ನಮ್ಮ ರೈತರಲ್ಲಿ ಹಲವರು ಕೃಷಿ ಹೊಂಡ ತೋಡಿಸಿ ತಳಕ್ಕೆ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಆ ಹಾಳೆ ತೂತಾದರೆ ಹೋಗುವುದು ನೀರು ಮಾತ್ರ. ಗಣಿ ತ್ಯಾಜ್ಯದ ಹೊಂಡದ ಹಾಸು ತೂತಾದರೆ ಸುತ್ತಲಿನ ಕೊಳವೆಬಾವಿಗಳೇ ಕೆಡುತ್ತವೆ. ಆದುದರಿಂದ ಈ ಹಾಸಿನ ವಿಷಯವನ್ನು ನಾವು ತಿಳಿದಿರಬೇಕು.

ಅನಂತಪುರ ಸೀಮೆಗೆ ನೆರೆಯ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ, ಪುಲಿವೆಂದುಲದ ಹತ್ತಿರ, ಯುರೇನಿಯಂ ಗಣಿ ಇದೆ. ಅಲ್ಲಿನ ಕಾರ್ಖಾನೆ 2012ರಲ್ಲಿ ಆರಂಭವಾಯಿತು. ಅದಿರನ್ನು ಪುಡಿಮಾಡಿ, ಸೋಡಾ ದ್ರಾವಣದಲ್ಲಿ ಒತ್ತಡದಿಂದ ಕಾಯಿಸಿ ಯುರೇನಿಯಂ ತೆಗೆಯುತ್ತಾರೆ. ಅದಿರಿನ ಬಹುಪಾಲು ಕೆಸರಾಗಿ ಹೊಂಡ ಸೇರುತ್ತದೆ. ಬಾವಿನೀರು ಕೆಟ್ಟಿತು, ಬಾಳೆ ಒಣಗಿತು ಎಂದು ಹತ್ತಿರದ ಹಳ್ಳಿಗಳವರು ದೂರಿದರು. ಬೆಂಟೋನೈಟ್ ಮತ್ತು ಪಾಲಿಥೀನ್ ಪದರ ಷರತ್ತಿನಂತೆ ಹಾಸಲ್ಪಟ್ಟಿದೆಯೇ ಎಂಬ ಪ್ರಶ್ನೆ ಎದ್ದು, 2019ರಲ್ಲಿ ಆಂಧ್ರದ ಮಾಲಿನ್ಯ ನಿಯಂತ್ರಣ ಮಂಡಳಿ ನೋಟೀಸು ಕೊಟ್ಟಿತು. ಜೇಡಿಮಣ್ಣಿನ ಹಾಸು ಸಾಕಷ್ಟು ಬಿಗಿಯಾಗಿದೆ, ಆ ಭೂಮಿಯ ನೀರಿನಲ್ಲಿ ಯುರೇನಿಯಂ ಸಹಜವಾಗಿಯೇ ಇದೆ ಎಂಬುದು ಕಂಪೆನಿಯ ವಾದ. ಈ ಪ್ರಶ್ನೆ ಎದ್ದದ್ದು ಹೊಂಡ ತುಂಬತೊಡಗಿ ವರ್ಷಗಳಾದ ಮೇಲೆ. ಕೆಸರಿನಡಿಯ ಹಾಸನ್ನು ಆಗ ಬಿಚ್ಚಿ ನೋಡುವುದು ಹೇಗೆ?

ಹಾಸಿಗೆ ಬಳಸುವ ವಸ್ತುಗಳು ಮುಖ್ಯವಾಗಿ ಮೂರು.

1. ಜೇಡಿಮಣ್ಣು: ತೆಳು ಪದರಗಳಾಗಿ ಹರಡಿ, ಹದವಾದ ತೇವದಲ್ಲಿ ರೋಲರಿನಿಂದ ಅದುಮಬೇಕು. ನೀರು ಸೆಕೆಂಡಿಗೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕಿಂತ ವೇಗವಾಗಿ ಇಳಿಯಬಾರದು ಎಂಬುದು ಸಾಮಾನ್ಯ ಅಳತೆ. ಅಂದರೆ ವರ್ಷಕ್ಕೆ ಸುಮಾರು 3 ಸೆಂ.ಮೀ. ಮೇಲೆ ನಿಂತ ನೀರು ಹೆಚ್ಚಿದಷ್ಟೂ ಇಳಿಯುವುದೂ ಹೆಚ್ಚುತ್ತದೆ. ಹೊಂಡ ತುಂಬುವ ಮೊದಲೇ ಬಿಸಿಲಿಗೆ ಒಣಗಿದರೆ ನಮ್ಮ ಎರೆಹೊಲದಂತೆಯೇ ಬಿರಿಯುತ್ತದೆ.

2. ಬೆಂಟೋನೈಟ್: ನೀರು ಕುಡಿದು ಉಬ್ಬಿ ಸಂದುಗಳನ್ನು ಮುಚ್ಚುವ ಮಣ್ಣು. ಉಪ್ಪು ಅಥವಾ ಸುಣ್ಣದ ಅಂಶ ಹೆಚ್ಚಿದ್ದರೆ ಅಷ್ಟು ಉಬ್ಬದು. ಆದ್ದರಿಂದ ಸಿಹಿನೀರಿನಲ್ಲಿ ಪರೀಕ್ಷಿಸಿದರೆ ಸಾಲದು. ಹೊಂಡಕ್ಕೆ ಬರುವ ದ್ರಾವಣದಲ್ಲೇ ಪರೀಕ್ಷಿಸಬೇಕು.

3. ದಪ್ಪ ಪಾಲಿಥೀನ್ ಹಾಳೆ: ಇಂಥ ಹೊಂಡಗಳಿಗೆ ಸಾಮಾನ್ಯವಾಗಿ 1.5 ಮಿ.ಮೀ. ದಪ್ಪದ್ದನ್ನು ಬಳಸುತ್ತಾರೆ. ಹಾಳೆಯಲ್ಲಿ ನೀರು ಇಳಿಯದಿದ್ದರೂ ಚೂಪುಕಲ್ಲು ಚುಚ್ಚಿದಲ್ಲಿ, ಬೆಸುಗೆ ಬಿಟ್ಟಲ್ಲಿ ಸೋರುತ್ತದೆ. ಪ್ರತಿ ಬೆಸುಗೆಯನ್ನೂ ಗಾಳಿಯ ಒತ್ತಡದಿಂದ ಪರೀಕ್ಷಿಸಬೇಕು.

ಹಾಳೆಯ ಕೆಳಗೆ ಜೇಡಿಮಣ್ಣು ಒತ್ತಾಗಿ ಕೂತಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹಾಗೆಂದು ನಕ್ಷೆಯಲ್ಲಿ ಬರೆದ ಮಾತ್ರಕ್ಕೆ ಆಗಲಿಲ್ಲ. ಬಂದ ಮಾಲು ಅದೇ ಹೌದೇ, ಹಾಸಿದ್ದು ಸರಿಯೇ ಎಂಬುದನ್ನು ಗುತ್ತಿಗೆದಾರನಲ್ಲದ ಬೇರೊಬ್ಬ ತಜ್ಞ, ಕೆಸರು ಬೀಳುವ ಮೊದಲೇ ನೋಡಿ ರುಜು ಹಾಕಬೇಕು.

ಇನ್ನು ಆರೋಗ್ಯದ ಮಾತು. ನೀರಿನಲ್ಲಿ ಯುರೇನಿಯಂ ಹೆಚ್ಚಾದರೆ ಮೊದಲು ಹಾನಿಯಾಗುವುದು ಮೂತ್ರಪಿಂಡಕ್ಕೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ 2021ರಲ್ಲಿ ಗೊತ್ತುಮಾಡಿದ ಮಿತಿ ಲೀಟರಿಗೆ 0.03 ಮಿಲಿಗ್ರಾಂ. ಕುದಿಸುವುದರಿಂದ, ಬಟ್ಟೆಯಲ್ಲಿ ಸೋಸುವುದರಿಂದ ಇದು ಹೋಗದು, ಆರ್.ಓ. ಯಂತ್ರದಿಂದ ಬಹುಮಟ್ಟಿಗೆ ಹೋಗುತ್ತದೆ.

ಹತ್ತಿರದಲ್ಲಿ ಯಾವುದೇ ಗಣಿ ಬರುವುದಾದರೆ ನಾವು ಮಾಡಬೇಕಾದದ್ದು ಇಷ್ಟು. ಗಣಿ ಆರಂಭವಾಗುವ ಮೊದಲೇ ಬಾವಿನೀರು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಬೇಕು. ಅದಿಲ್ಲದಿದ್ದರೆ, ಮುಂದೆ ನೀರು ಕೆಟ್ಟಾಗ ಸಹಜವೋ ಗಣಿಯಿಂದಲೋ ಎಂಬ ವಾದ ಮುಗಿಯದು. ಸಾರ್ವಜನಿಕ ವಿಚಾರಣೆ ಇದ್ದರೆ 30 ದಿನ ಮುಂಚೆ ಪ್ರಕಟಣೆ ಬರುತ್ತದೆ. ಹೋಗಿ ಹಾಸಿನ ಬಗ್ಗೆ ಕೇಳಬೇಕು, ಬರೆದೂ ಕೊಡಬೇಕು. ಅಣುಖನಿಜದ ಗಣಿಗಳಿಗೆ ಕೇಂದ್ರವು 2025ರ ಸೆಪ್ಟೆಂಬರಿನಲ್ಲಿ ಈ ವಿಚಾರಣೆಯಿಂದ ವಿನಾಯಿತಿ ಕೊಟ್ಟಿತು. ಅಂಥಲ್ಲಿ ಮಾಹಿತಿ ಹಕ್ಕಿನ ಅರ್ಜಿಯೇ ದಾರಿ. ಷರತ್ತಿನ ಪತ್ರ, ಮಣ್ಣು ಮತ್ತು ಬೆಸುಗೆಯ ಪರೀಕ್ಷಾ ವರದಿ, ಆರು ತಿಂಗಳಿಗೊಮ್ಮೆ ಸಲ್ಲಿಸುವ ಪಾಲನಾ ವರದಿ, ಈ ಮೂರನ್ನೂ ಕೇಳಿರಿ. ಒಬ್ಬರೇ ಹೋಗಬೇಡಿ, ಊರಿನ ನಾಲ್ಕು ಜನ ಕೂಡಿ ರುಜು ಹಾಕಿ ಕೇಳಿರಿ. ಕೇಳುವ ಹೊತ್ತು ಹೊಂಡ ಬರಿದಾಗಿರುವಾಗ.