ರಫ್ತು ಸರಕು: ಪೆಟ್ಟಿಗೆಯ ಅಳತೆ, ಸಾಗಣೆಯ ವೆಚ್ಚ

ವಿದೇಶಕ್ಕೆ ಸರಕು ಕಳುಹಿಸುವ ಸಣ್ಣ ಉದ್ಯಮಿಗಳು ತಯಾರಿಕೆಯ ವೆಚ್ಚವನ್ನು ಪೈಸೆ ಪೈಸೆಗೂ ಲೆಕ್ಕ ಹಾಕುತ್ತಾರೆ. ಪ್ಯಾಕಿಂಗ್ ಹಾಗೂ ಸಾಗಣೆಯ ವೆಚ್ಚವನ್ನು ಮಾತ್ರ ಅಂದಾಜಿಗೆ ಬಿಡುವುದುಂಟು. ಕೈಗೆ ಬರಬೇಕಾದ ಲಾಭ ಸೋರಿಹೋಗುವುದು ಇಲ್ಲಿಯೇ.

ಸಾಗಣೆಯ ಬಾಡಿಗೆಯು ತೂಕವೊಂದನ್ನೇ ಅವಲಂಬಿಸಿಲ್ಲ. ಸರಕು ಆಕ್ರಮಿಸುವ ಸ್ಥಳವೂ ಗಣನೆಗೆ ಬರುತ್ತದೆ. ವಿಮಾನ ಸಾಗಣೆಯಲ್ಲಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, ಸಾಮಾನ್ಯವಾಗಿ 6000ದಿಂದ ಭಾಗಿಸುತ್ತಾರೆ. ಹೀಗೆ ದೊರೆತ ‘ಗಾತ್ರ ತೂಕ’ ಹಾಗೂ ನಿಜ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ತೆರಬೇಕು. ಹಲವು ಕೊರಿಯರ್ ಸಂಸ್ಥೆಗಳು 5000ದಿಂದ ಭಾಗಿಸುವುದರಿಂದ ಅಲ್ಲಿ ಗಾತ್ರದ ಹೊರೆ ಇನ್ನೂ ಅಧಿಕ. ಇತರರ ಸರಕಿನೊಡನೆ ಒಂದೇ ಕಂಟೇನರಿನಲ್ಲಿ ಹಡಗಿನ ಮೂಲಕ ಕಳುಹಿಸುವಾಗ ಘನ ಮೀಟರ್ ಮತ್ತು ಟನ್ ಇವುಗಳಲ್ಲಿ ಯಾವುದರ ಸಂಖ್ಯೆ ಹೆಚ್ಚೋ ಅದರಂತೆ ಬಾಡಿಗೆ.

ಒಂದು ಉದಾಹರಣೆ: ಚನ್ನಪಟ್ಟಣದ ಮರದ ಆಟಿಕೆಗಳನ್ನು ತುಂಬಿದ ರಟ್ಟಿನ ಪೆಟ್ಟಿಗೆಯ ಅಳತೆ 60×50×40 ಸೆಂ.ಮೀ., ತೂಕ 14 ಕಿಲೋ ಎಂದಿಟ್ಟುಕೊಳ್ಳೋಣ. ಇದರ ಗಾತ್ರ ತೂಕ 20 ಕಿಲೋ. ಆಟಿಕೆಗಳನ್ನು ಒತ್ತಾಗಿ ಜೋಡಿಸಿ ಎತ್ತರವನ್ನು 30 ಸೆಂ.ಮೀ.ಗೆ ಇಳಿಸಿದರೆ ಅದು 15 ಕಿಲೋ ಆಗುತ್ತದೆ. ಸರಕು ಅಷ್ಟೇ ಇದ್ದರೂ ಪ್ರತಿ ಪೆಟ್ಟಿಗೆಗೆ 5 ಕಿಲೋ ಬಾಡಿಗೆ ಉಳಿಯಿತು. ಇಂತಹ ನೂರು ಪೆಟ್ಟಿಗೆಗಳನ್ನು ಹಡಗಿನಲ್ಲಿ ಕಳುಹಿಸಿದರೆ 12 ಘನ ಮೀಟರಿನ ಬದಲು 9ಕ್ಕೆ ಮಾತ್ರ ಹಣ ತೆತ್ತರಾಯಿತು.

ಆದರೆ ಮಿತವ್ಯಯವೆಂದರೆ ದುರ್ಬಲ ಪ್ಯಾಕಿಂಗ್ ಅಲ್ಲ. ಕಂಟೇನರಿನೊಳಗೆ ಪೆಟ್ಟಿಗೆಗಳು ಒಂದರ ಮೇಲೊಂದು ಕೂರುತ್ತವೆ. ಸಮುದ್ರಯಾನದ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ. ಒಡೆದ ಸರಕಿನ ನಷ್ಟದ ಮುಂದೆ ಗಟ್ಟಿ ರಟ್ಟಿಗೆ ಕೊಟ್ಟ ಹೆಚ್ಚಿನ ಬೆಲೆ ಅಲ್ಪವೇ ಸರಿ. ಹಸಿಮರದ ಹಲಗೆಗಳ ಪೆಟ್ಟಿಗೆ ಅಥವಾ ಪ್ಯಾಲೆಟ್ ಬಳಸುವುದಾದರೆ ಅನೇಕ ದೇಶಗಳು ಐ.ಎಸ್.ಪಿ.ಎಂ. 15ರ ಮುದ್ರೆಯನ್ನು ಕೇಳುತ್ತವೆ. ಈ ನಿಯಮದಡಿ ಅಂಗೀಕೃತವಾದ ಒಂದು ವಿಧಾನದಲ್ಲಿ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸತತ 30 ನಿಮಿಷ ಇರಬೇಕು. ಈ ಖರ್ಚನ್ನೂ ಮೊದಲೇ ಸೇರಿಸತಕ್ಕದ್ದು.

ದರಗಳನ್ನು ಹೋಲಿಸುವಾಗ ಬಾಡಿಗೆಯೊಂದನ್ನೇ ನೋಡಬಾರದು. ಪೆಟ್ಟಿಗೆಯ ಬೆಲೆ, ಬಂದರಿನವರೆಗಿನ ಲಾರಿ ಬಾಡಿಗೆ, ಬಂದರು ಶುಲ್ಕ, ಕಸ್ಟಮ್ಸ್ ಏಜೆಂಟರ ಶುಲ್ಕ, ಸಾಗಣೆ, ವಿಮೆ ಇವುಗಳಲ್ಲಿ ಒಪ್ಪಂದದಂತೆ ತಮ್ಮ ಪಾಲಿಗೆ ಬರುವುದೆಲ್ಲವನ್ನೂ ಕೂಡಿಸಿ, ಸರಕಿನ ಸಂಖ್ಯೆಯಿಂದ ಭಾಗಿಸಿರಿ. ಒಂದು ವಸ್ತುವಿಗೆ ತಗಲುವ ಈ ಒಟ್ಟು ವೆಚ್ಚವೇ ಹೋಲಿಕೆಗೆ ಯೋಗ್ಯವಾದ ಅಂಕಿ. ಕೊಳ್ಳುವವರಿಗೆ ಬೆಲೆ ತಿಳಿಸುವ ಮುನ್ನವೇ ಈ ಲೆಕ್ಕ ಮುಗಿದಿರಲಿ. ಒಪ್ಪಿದ ಬೆಲೆಯನ್ನು ಆಮೇಲೆ ಏರಿಸುವುದು ಸುಲಭವಲ್ಲ.