ಯಕೃತ್ತಿನ ಕಸಿಯಲ್ಲಿ ರಕ್ತನಾಳಗಳ ರಕ್ಷಣೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಸದ್ಭಕ್ತರು ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿ ಬದುಕಿದವರು. ಕನ್ನಂಬಾಡಿ ಕಟ್ಟೆ ತುಂಬಿದ್ದರೂ ಕಾಲುವೆಯಲ್ಲಿ ಹೂಳು ಕಟ್ಟಿದರೆ ಕೊನೆಯ ಗದ್ದೆಯ ಪೈರು ಒಣಗುವುದೆಂಬುದು ಅವರಿಗೆ ತಿಳಿದೇ ಇದೆ. ಯಕೃತ್ತಿನ ಕಸಿಯೂ ಹಾಗೆಯೇ. ಅಂಗವು ಎಷ್ಟೇ ಆರೋಗ್ಯಕರವಾಗಿದ್ದರೂ ಅದಕ್ಕೆ ರಕ್ತ ಹರಿಯದಿದ್ದರೆ ಅದು ಉಳಿಯದು.

ವಯಸ್ಕರಲ್ಲಿ ಯಕೃತ್ತಿನ ತೂಕ ಸುಮಾರು ಒಂದೂವರೆ ಕಿಲೋ. ಅದಕ್ಕೆ ಎರಡು ಮಾರ್ಗಗಳಿಂದ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲನ್ನು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯು ತಂದರೆ, ಉಳಿದ ಕಾಲು ಪಾಲನ್ನು ಹೃದಯದ ಕಡೆಯಿಂದ ಅಪಧಮನಿಯು ತರುತ್ತದೆ.

ಶಸ್ತ್ರವೈದ್ಯರು ಸಾಮಾನ್ಯವಾಗಿ ಮೊದಲು ರಕ್ತ ಹೊರಹೋಗುವ ಅಭಿಧಮನಿಗಳನ್ನೂ, ಅನಂತರ ಪೋರ್ಟಲ್ ಅಭಿಧಮನಿಯನ್ನೂ ಜೋಡಿಸಿ ರಕ್ತವನ್ನು ಹರಿಯಬಿಡುತ್ತಾರೆ. ಆ ಕ್ಷಣದಲ್ಲಿ ತಣ್ಣಗಿದ್ದ ಅಂಗದಿಂದ ರಕ್ತವು ಹೃದಯವನ್ನು ಸೇರುವುದರಿಂದ ರಕ್ತದೊತ್ತಡ ಕುಸಿಯಬಹುದು. ಅದಕ್ಕೆ ಅರಿವಳಿಕೆ ತಜ್ಞರು ಮೊದಲೇ ಸಿದ್ಧರಾಗಿರುತ್ತಾರೆ. ಪೋರ್ಟಲ್ ಅಭಿಧಮನಿಯಲ್ಲಿ ಹಳೆಯ ಹೆಪ್ಪು ಇದ್ದರೆ ಅದನ್ನು ತೆಗೆದ ಮೇಲೆಯೇ ಜೋಡಣೆ. ಹೊರಹೋಗುವ ದಾರಿ ಕಿರಿದಾದರೆ ಯಕೃತ್ತು ಊದಿಕೊಳ್ಳುತ್ತದೆ; ಅಂತಹ ನಾಳವನ್ನು ಬಲೂನು ಅಥವಾ ಸ್ಟೆಂಟ್‌ನಿಂದ ಹಿಗ್ಗಿಸಬಹುದು.

ಕೆಲವೇ ಮಿಲಿಮೀಟರ್ ಅಗಲದ ಅಪಧಮನಿಯ ಜೋಡಣೆ ಎಲ್ಲಕ್ಕಿಂತ ಸೂಕ್ಷ್ಮವಾದುದು. ಸಹಜ ಯಕೃತ್ತಿನಲ್ಲಿ ಪಿತ್ತನಾಳಗಳಿಗೆ ಸುತ್ತಲಿನ ಸಣ್ಣ ರಕ್ತನಾಳಗಳ ಆಸರೆಯೂ ಇರುತ್ತದೆ. ಕಸಿಯಲ್ಲಿ ಅವೆಲ್ಲ ಕಡಿದುಹೋಗುವುದರಿಂದ ಪಿತ್ತನಾಳಗಳಿಗೆ ಈ ಅಪಧಮನಿಯೊಂದೇ ಆಧಾರ. ಅದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಪಿತ್ತನಾಳಗಳು ಕೊಳೆತು, ಪಿತ್ತ ಸೋರಿ, ಸೋಂಕು ಹರಡುತ್ತದೆ. ಆದ್ದರಿಂದಲೇ ಮೊದಲ ದಿನಗಳಲ್ಲಿ ಡಾಪ್ಲರ್ ಸ್ಕ್ಯಾನಿಂಗ್‌ನಿಂದ ರಕ್ತದ ಹರಿವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಬೇಗ ಪತ್ತೆಯಾದರೆ ಹೆಪ್ಪನ್ನು ತೆಗೆದು ಅಂಗವನ್ನು ಉಳಿಸಿಕೊಳ್ಳುವ ಅವಕಾಶವುಂಟು. ತಡವಾದರೆ ಮತ್ತೊಂದು ಕಸಿಯೇ ಬೇಕಾಗಬಹುದು.

ಮನೆಗೆ ಮರಳಿದ ಮೇಲೆ ಕುಟುಂಬದವರ ಹೊಣೆ ಆರಂಭವಾಗುತ್ತದೆ. ಜ್ವರ, ಚಳಿ, ಕಣ್ಣು ಹಳದಿಯಾಗುವುದು, ಹೊಟ್ಟೆ ಊದುವುದು ಕಂಡರೆ ಊರಿನಲ್ಲಿ ಮಾತ್ರೆ ನುಂಗಿಸಿ ಕಾಯಬಾರದು. ಅಂದೇ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಬೇಕು. ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ನಾಟಿ ಔಷಧಿಯನ್ನು ಜೊತೆಗೆ ಸೇರಿಸಬಾರದು. ಹೇಳಿದ ದಿನದ ರಕ್ತಪರೀಕ್ಷೆಯನ್ನು ಸುಗ್ಗಿ, ಜಾತ್ರೆಗಳ ನೆಪದಿಂದ ಮುಂದೂಡಬಾರದು.

ಅಂಗಾಂಗ ಕಸಿಗೆ 1994ರ ಕೇಂದ್ರ ಕಾಯಿದೆಯ ಕಟ್ಟುಪಾಡು ಇದೆ. ಮಿದುಳು ನಿಷ್ಕ್ರಿಯಗೊಂಡವರ ಅಂಗದಾನದ ಹಂಚಿಕೆಯನ್ನು ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯು ನೋಡಿಕೊಳ್ಳುತ್ತದೆ. ಒಂದು ಕುಟುಂಬವು ದುಃಖದ ನಡುವೆ ನೀಡಿದ ದಾನವದು. ಅದನ್ನು ಪಡೆದವರು ನಾಲೆಯ ಕಾವಲುಗಾರನಂತೆ ಎಚ್ಚರದಿಂದ ಕಾಪಾಡಿಕೊಳ್ಳುವುದೇ ಆ ದಾನಕ್ಕೆ ಸಲ್ಲಿಸುವ ಗೌರವ.