ಊಟದ ಬೆಲ್ಲು ಹೊಡೆದಾಗ ಕಣ್ಣಿಗೆ ಬೀಳುವ ಪೋಸ್ಟರ್

ಮಂಡಿ ತರಚಿಕೊಳ್ಳುವುದು, ತಳ್ಳಾಟದಲ್ಲಿ ಹಲ್ಲು ಮುರಿದುಕೊಳ್ಳುವುದು, ಬಿಸಿ ಸಾರು ಮೈಮೇಲೆ ಚೆಲ್ಲಿಕೊಳ್ಳುವುದು ಪಾಠ ನಡೆಯುವಾಗ ಅಲ್ಲ, ಬೆಲ್ಲು ಹೊಡೆದ ಮೇಲೆ. ಆ ಹೊತ್ತಿಗೆ ಬೇಕಾದ ಪೋಸ್ಟರನ್ನು ಮಕ್ಕಳೇ ಬರೆಯಬೇಕು. ಪೇಟೆಯ ಚಾರ್ಟಿನಲ್ಲಿ ಜಾರುಬಂಡಿ, ಉಯ್ಯಾಲೆ ಇರುತ್ತವೆ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯ ಹಳ್ಳಿ ಶಾಲೆಗೆ ಬೇಕಾಗಿರುವುದು ನಲ್ಲಿಯ ಹತ್ತಿರದ ಪಾಚಿ, ಬಿಸಿಯೂಟದ ಸಾಲು, ಕಾಂಪೌಂಡಿನ ಕಲ್ಲುಸಂದಿಯ ಮಾತು. ಆರು, ಏಳನೇ ತರಗತಿಯ ಮಕ್ಕಳೇ, ಕೆಲಸ ನಿಮ್ಮದು. ಹೇಗೆಂದು ಹೇಳುತ್ತೇನೆ.

ಹಂತ 1: ಮೊದಲು ನೋಡಿ ಬನ್ನಿ

ಬಣ್ಣದ ಡಬ್ಬಿ ತೆಗೆಯಬೇಡಿ. ಒಂದು ನೋಟ್‌ಬುಕ್ ಹಿಡಿದು, ಚಿಕ್ಕ ವಿರಾಮದಲ್ಲೊಮ್ಮೆ, ಊಟದ ವಿರಾಮದಲ್ಲೊಮ್ಮೆ ಶಾಲೆಯ ಸುತ್ತ ಓಡಾಡಿ. ಮಕ್ಕಳು ಎಲ್ಲಿ ಗುಂಪಾಗುತ್ತಾರೆ? ಎಲ್ಲಿ ಓಡುತ್ತಾರೆ, ಎಲ್ಲಿ ತಿರುಗುವಾಗ ಎದುರು ಬರುವವರು ಕಾಣುವುದಿಲ್ಲ? ಚೆಂಡು ಗೇಟಿನಾಚೆ ಉರುಳಿದರೆ ಯಾರು ಹಿಂದೆ ಓಡುತ್ತಾರೆ? ಲಗೋರಿ ಆಡಿದ ಮೇಲೆ ಕಲ್ಲು ಎಲ್ಲಿ ಬಿದ್ದಿರುತ್ತವೆ? ಕಂಡದ್ದನ್ನೆಲ್ಲ ಬರೆಯಿರಿ.

ಹಾವಿನ ಜಾಗಗಳನ್ನು ಮರೆಯಬೇಡಿ: ಕಲ್ಲಿನ ರಾಶಿ, ಹುಲ್ಲು ಬೆಳೆದ ಮೂಲೆ, ಗೋಡೆಯ ಬಿರುಕು. ಎಚ್.ಡಿ. ಕೋಟೆಯ ಗಡಿಯಾಚೆ, ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯೊಂದರಲ್ಲಿ 2019ರ ನವೆಂಬರಿನಲ್ಲಿ ಐದನೇ ತರಗತಿಯ ಹುಡುಗಿಗೆ ತರಗತಿಯೊಳಗಿನ ಬಿಲದಿಂದ ಹಾವು ಕಚ್ಚಿ, ಆಸ್ಪತ್ರೆ ತಡವಾಗಿ ಜೀವ ಹೋಯಿತು. ಬಿಲ ಎಲ್ಲಿ ಕಂಡರೂ ಅಂದೇ ಮೇಷ್ಟ್ರಿಗೆ ಹೇಳಿ.

ಹಂತ 2: ಒಂದನ್ನೇ ಆರಿಸಿ

ಪಟ್ಟಿಯಲ್ಲಿ ಹತ್ತು ವಿಷಯ ಇರಬಹುದು. ಪೋಸ್ಟರಿಗೆ ಒಂದೇ. ಹತ್ತೂ ಬರೆದ ಹಾಳೆಯನ್ನು ಓಡುತ್ತಿರುವ ಹುಡುಗ ನಿಂತು ಓದುವುದಿಲ್ಲ. ನನ್ನನ್ನು ಕೇಳಿದರೆ, ಬಿಸಿಯೂಟ ನಡೆಯುವ ಶಾಲೆಯಲ್ಲಿ ಮೊದಲ ಪೋಸ್ಟರ್ ಸಾಂಬಾರ್ ಪಾತ್ರೆಯದ್ದೇ ಆಗಬೇಕು. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಚಿನಮಗೇರಾ ಶಾಲೆಯಲ್ಲಿ ಎರಡನೇ ತರಗತಿಯ ಮಗುವೊಂದು ಬಿಸಿ ಸಾಂಬಾರ್ ಪಾತ್ರೆಗೆ ಬಿದ್ದು ತೀರಿಕೊಂಡಿತು. ತಟ್ಟೆ ಹಿಡಿದ ಮಕ್ಕಳ ನೂಕುನುಗ್ಗಲು ಯಾವ ಶಾಲೆಗೂ ಹೊಸದಲ್ಲ.

ಹಂತ 3: ವಾಕ್ಯ ಕಟ್ಟಿ

‘ಹತ್ತಿರ ಹೋಗಬಾರದು’ ಎಂದರೆ ಮಗುವಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಮಾಡಬೇಕಾದ್ದನ್ನು ಹೇಳಿ: ‘ಬಿಸಿ ಪಾತ್ರೆ. ಮೂರು ಹೆಜ್ಜೆ ದೂರ.’ ನಾಲ್ಕೈದು ಪದ ಸಾಕು. ಪ್ರಾಸ ತಾನಾಗಿ ಬಂದರೆ ಇರಲಿ, ಎಳೆದು ತರಬೇಡಿ.

ಕೆಳಗೆ ಸಣ್ಣದಾಗಿ ಇನ್ನೊಂದು ಸಾಲು: ‘ಸುಟ್ಟರೆ ನಲ್ಲಿ ನೀರು, ಟೀಚರ್‌ಗೆ ಕೂಗು, 108.’ ಸುಟ್ಟ ಜಾಗದ ಮೇಲೆ 20 ನಿಮಿಷ ತಣ್ಣೀರು ಹರಿಸುವುದೇ ಮೊದಲ ಉಪಚಾರ. ಇಂಕು, ಪೇಸ್ಟು ಹಚ್ಚಬಾರದು. ಇದು ದೊಡ್ಡವರಿಗೂ ಗೊತ್ತಾಗಲಿ.

ಹಂತ 4: ಅಕ್ಷರಕ್ಕೆ ಜಾಗ ಮಾಡಿ

ಎಲ್ಲರೂ ಎಡವುವುದು ಇಲ್ಲೇ. 22 ಇಂಚು ಅಗಲ, 28 ಇಂಚು ಉದ್ದದ ಡ್ರಾಯಿಂಗ್ ಶೀಟನ್ನು ಉದ್ದಕ್ಕೆ ಹಿಡಿಯಿರಿ. ಹತ್ತು ಅಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಸುಮಾರು ಒಂದು ಇಂಚು ಎತ್ತರ ಇರಬೇಕು. ವರಾಂಡದ ಆ ತುದಿಯಿಂದ ಕಾಣಬೇಕಾದರೆ ಎರಡು ಇಂಚು.

ಕನ್ನಡಕ್ಕೆ ಎರಡು ಗೆರೆ ಸಾಲದು. ಮೇಲೆ ಗುಡಿಸಿಗೆ, ಏತ್ವಕ್ಕೆ ಅರ್ಧ ಇಂಚು, ಕೆಳಗೆ ಒತ್ತಕ್ಷರಕ್ಕೆ ಒಂದು ಇಂಚು ಬಿಟ್ಟು ಪೆನ್ಸಿಲಿನಲ್ಲಿ ತೆಳ್ಳಗೆ ನಾಲ್ಕು ಗೆರೆ ಎಳೆಯಿರಿ. ಇಲ್ಲದಿದ್ದರೆ ‘ಪಾತ್ರೆ’ಯ ರಾವತ್ತು ಕೆಳಸಾಲಿನ ‘ಹೆಜ್ಜೆ’ಯ ತಲೆಗೆ ಬಡಿಯುತ್ತದೆ. ಪದವನ್ನು ಮೊದಲು ರಫ್ ಹಾಳೆಯಲ್ಲಿ ಅದೇ ಅಳತೆಗೆ ಬರೆದು ಅಗಲ ನೋಡಿಕೊಳ್ಳಿ. ಆಗ ಕೊನೆಯ ಅಕ್ಷರ ಅಂಚಿನಲ್ಲಿ ಇಕ್ಕಟ್ಟಾಗುವುದಿಲ್ಲ. ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರ ಕಾಣುವುದಿಲ್ಲ. ಕಪ್ಪು ಅಥವಾ ಕಡುನೀಲಿ ಮಾರ್ಕರ್ ಹಿಡಿಯಿರಿ, ಕೆಂಪನ್ನು ಪಾತ್ರೆಯ ಸುತ್ತಲಿನ ಗೆರೆಗೆ ಮಾತ್ರ ಉಳಿಸಿ.

ಹಂತ 5: ಓದು ಬಾರದವರಿಗೂ ತಿಳಿಯುವ ಚಿತ್ರ

ಒಂದನೇ ತರಗತಿಯವರಿಗೆ ಇನ್ನೂ ಅಕ್ಷರ ಕೂಡಿಸಲು ಬರುವುದಿಲ್ಲ. ಆದರೆ ಅವರು ಚಿಹ್ನೆ ಓದುತ್ತಾರೆ. ನಲಿಕಲಿ ಕಾರ್ಡುಗಳ ಮೇಲಿನ ಗುರುತು ನೋಡಿಯೇ ತಮ್ಮ ಕೆಲಸ ಯಾವುದೆಂದು ತಿಳಿಯುತ್ತಾರೆ. ಆ ನಲಿಕಲಿ 1995ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲೇ. ಅದೇ ಜಾಡು ಹಿಡಿಯಿರಿ: ಹೊಗೆಯಾಡುವ ದೊಡ್ಡ ಪಾತ್ರೆ, ಅದರ ಮುಂದೆ ನೆಲದ ಮೇಲೆ ಮೂರು ಹೆಜ್ಜೆ ಗುರುತು, ಅದರಾಚೆ ತಟ್ಟೆ ಹಿಡಿದು ಸಾಲಾಗಿ ನಿಂತ ಮಕ್ಕಳು. ಬಟ್ಟೆ ನಿಮ್ಮದೇ ಸಮವಸ್ತ್ರ ಇರಲಿ. ಬೀಳುತ್ತಿರುವ, ಅಳುತ್ತಿರುವ ಮಗುವನ್ನು ಬರೆಯಬೇಡಿ. ಚಿಕ್ಕವರು ಹೆದರುತ್ತಾರೆ, ಏನು ಮಾಡಬೇಕೆಂದು ಕಲಿಯುವುದಿಲ್ಲ.

ಹಂತ 6: ಪರೀಕ್ಷೆ ಮಾಡಿ, ಆಮೇಲೆ ತೂಗುಹಾಕಿ

ಪೆನ್ಸಿಲ್ ಚಿತ್ರ ಮುಗಿದೊಡನೆ ಒಂದನೇ ತರಗತಿಯ ಪಾಪುವನ್ನು ಕರೆದು, ‘ಇದ್ರಲ್ಲಿ ಏನ್ ಹೇಳೈತೆ, ಪುಟ್ಟಾ?’ ಅಂತ ಕೇಳಿ. ‘ಸಾರು ಕುಡೀಬೇಕು’ ಅಂದರೆ ಚಿತ್ರ ತಿದ್ದಿ. ‘ದೂರ ನಿಂತ್ಕೋಬೇಕು’ ಅಂದರೆ ಬಣ್ಣ ತುಂಬಿ.

ಹೆಡ್‌ಮಾಸ್ಟರ ಕೊಠಡಿಯಲ್ಲಿ ಹಾಕಿದರೆ ಪ್ರಯೋಜನವಿಲ್ಲ. ಊಟ ಬಡಿಸುವ ಜಾಗದಲ್ಲಿ, ಚಿತ್ರದ ನಡುಭಾಗ ನೆಲದಿಂದ ಮೂರೂವರೆ ಅಡಿಗೆ ಬರುವ ಹಾಗೆ ಹಾಕಿ. ಅದು ಚಿಕ್ಕವರ ಕಣ್ಣಿನ ಮಟ್ಟ. ಮಳೆಗಾಲದ ಇರಚಲು ತಾಗದಂತೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಟೇಪ್ ಹಚ್ಚಿ. ಅಡುಗೆಯವರನ್ನು ಕೇಳಿ, ಚಿತ್ರದಲ್ಲಿರುವಂತೆಯೇ ನೆಲದ ಮೇಲೂ ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಎರಡೂ ಸೇರಿದರೆ ಸಾಲು ತಾನಾಗಿ ನಿಲ್ಲುತ್ತದೆ.

ಉಳಿದ ಒಂಬತ್ತು ವಿಷಯಗಳ ಪಟ್ಟಿ ಬಿಸಾಡಬೇಡಿ. ಪಾಚಿಗೆ ಪೋಸ್ಟರ್ ಬೇಡ, ಉಜ್ಜಿ ತೊಳೆಯಬೇಕು. ಬಿಲಕ್ಕೆ ಸಿಮೆಂಟು ಬೇಕು, ಗೇಟಿಗೆ ಚಿಲಕ ಬೇಕು. ಪಟ್ಟಿಯನ್ನು ನೀಟಾಗಿ ಬರೆದು ಎಸ್‌ಡಿಎಂಸಿ ಅಧ್ಯಕ್ಷರ ಕೈಗೆ ಕೊಡಿ. ಕೆಲಸ ಆಗದಿದ್ದರೆ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ಮೇಷ್ಟ್ರೇ, ಟೀಚರೇ, ಆ ದಿನ ಮಕ್ಕಳ ಜೊತೆಗೆ ನೀವೂ ಇರಿ.